ಬೆಳಗಿನ ಜಾವದ ಟೇಕಾಫ್: ತಪ್ಪು ನುಸುಳುವ ಜಾಗಗಳು

ಬೆಳಗ್ಗೆ 5 ಗಂಟೆಯ ವಿಮಾನ ಅಂದರೆ ಪೈಲಟ್ 4ರ ಹೊತ್ತಿಗೆ ರಿಪೋರ್ಟ್ ಮಾಡಿರಬೇಕು. ಚಿಕ್ಕಬಳ್ಳಾಪುರದಲ್ಲಿ ಮನೆಯಿದ್ದರೆ 3ಕ್ಕೆಲ್ಲ ಕ್ಯಾಬ್ ಹತ್ತಬೇಕು, 2:15ಕ್ಕೆ ಏಳಬೇಕು. ಭಾನುವಾರವಾದರೆ ಸೂರ್ಯೋದಯ ನೋಡಲು ನಂದಿಗೆ ಹೊರಟ ಬೈಕು-ಕಾರುಗಳ ಸಾಲು ಬೇರೆ ಎದುರಾಗುತ್ತದೆ. ಲೆಕ್ಕ ಹಿಂದಕ್ಕೆ ಹಾಕಿ ನೋಡಿ: ಏಳು ಗಂಟೆ ನಿದ್ದೆ ಆಗಬೇಕೆಂದರೆ ಹಿಂದಿನ ಸಂಜೆ 7:15ಕ್ಕೆ ಕಣ್ಣು ಮುಚ್ಚಿರಬೇಕು. ಆ ಹೊತ್ತಿಗೆ ಬಿ.ಬಿ. ರಸ್ತೆಯ ಹಾರ್ನ್ ಸದ್ದು ಇನ್ನೂ ಏರುತ್ತಿರುತ್ತದೆ. ಸದ್ದು ಇಲ್ಲದಿದ್ದರೂ ಸಂಜೆ 6ರಿಂದ 9ರವರೆಗೆ ನಮ್ಮ ದೇಹದ ಗಡಿಯಾರವೇ ನಿದ್ದೆಯನ್ನು ದೂರ ಇಡುತ್ತದೆ. ಹಾಗಾಗಿ ಕಾಗದದ ಮೇಲೆ ಹನ್ನೆರಡು ಗಂಟೆ ವಿಶ್ರಾಂತಿ ಕಂಡರೂ ಕೈಗೆ ಸಿಗುವ ನಿದ್ದೆ ನಾಲ್ಕೇ ಗಂಟೆ ಆಗಬಹುದು. ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎಯ ಹೊಸ ನಿಯಮದಲ್ಲಿ ಪೈಲಟ್‌ಗಳ ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿದ್ದು ಒಳ್ಳೆಯ ಕೆಲಸವೇ. ಆದರೆ ಈ ಸಂಜೆ ಏಳರ ಲೆಕ್ಕವನ್ನು ಯಾವ ನಿಯಮವೂ ನಮ್ಮ ಪರವಾಗಿ ಮಾಡಿಕೊಡುವುದಿಲ್ಲ.

ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಚುರುಕು, ರಕ್ತದಲ್ಲಿ 0.05% ಆಲ್ಕೋಹಾಲ್ ಇದ್ದವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲೇ ಪ್ರಯೋಗದಿಂದ ತೋರಿಸಿದ್ದಾರೆ. ನಮ್ಮಲ್ಲಿ ಕಾರು ಓಡಿಸುವವರಿಗೇ ಮಿತಿ 0.03%. ಕುಡಿದಿದ್ದಾರೋ ಇಲ್ಲವೋ ಅಂತ ಊದಿಸಿ ನೋಡುವ ಯಂತ್ರ ಇದೆ. ಮಲಗಿದ್ದಾರೋ ಇಲ್ಲವೋ ಅಂತ ನೋಡುವ ಯಂತ್ರ ಇಲ್ಲ.

ದಣಿವು ಅಂದರೆ ತೂಕಡಿಕೆ ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಟೇಕಾಫ್ ಹೊತ್ತಿಗೆ ಯಾರೂ ತೂಕಡಿಸುವುದಿಲ್ಲ, ಎಲ್ಲರ ಕಣ್ಣೂ ತೆರೆದೇ ಇರುತ್ತದೆ. ಆದರೆ ತೆರೆದ ಕಣ್ಣು ಪರದೆಯ ಮೇಲೆ ಇರುವುದನ್ನು ಬಿಟ್ಟು, ಇರಬೇಕಾದದ್ದನ್ನು ಓದಿಬಿಡುತ್ತದೆ. ಚೆಕ್‌ಲಿಸ್ಟ್‌ಗೆ ಬಾಯಿ ಸರಿಯಾದ ಉತ್ತರವನ್ನೇ ಕೊಡುತ್ತದೆ, ಬೆರಳು ಮಾತ್ರ ಆ ಸ್ವಿಚ್ಚಿನ ಹತ್ತಿರ ಹೋಗಿರುವುದಿಲ್ಲ. 2009ರ ಮಾರ್ಚ್ 20ರಂದು ಮೆಲ್ಬರ್ನ್‌ನಲ್ಲಿ ಒಂದು ಏರ್‌ಬಸ್ ಎ340 ವಿಮಾನದ ತೂಕವನ್ನು 362.9 ಟನ್ ಬದಲು 262.9 ಟನ್ ಎಂದು ಹಾಕಿ ಲೆಕ್ಕ ಮಾಡಿದ್ದರು. ಒಂದೇ ಅಂಕಿ, ನೂರು ಟನ್ ವ್ಯತ್ಯಾಸ. ಬಾಲ ರನ್‌ವೇಗೆ ಉಜ್ಜಿಕೊಂಡು, ರನ್‌ವೇ ತುದಿ ದಾಟಿ, ಹೇಗೋ ಮೇಲೆದ್ದರು. ಆ ಅಂಕಿ ಹಲವು ಸಲ ಕಣ್ಣಿಗೆ ಬಿದ್ದಿತ್ತು.

ನಮ್ಮ ಕೆಲಸದಲ್ಲಿ ಇಂಥದ್ದಕ್ಕೆ ಹೇಳಿ ಮಾಡಿಸಿದ ಜಾಗವೆಂದರೆ ಕೊನೆ ಗಳಿಗೆಯ ರನ್‌ವೇ ಬದಲಾವಣೆ. ಡಿಸೆಂಬರ್-ಜನವರಿಯ ಮಂಜಿನಲ್ಲಿ ದೇವನಹಳ್ಳಿಯ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಏನಾಗುತ್ತದೆ ಗೊತ್ತಲ್ಲ. ಪ್ರಯಾಣಿಕರು ಹತ್ತಿ ಕೂತಿದ್ದಾರೆ, ಬಾಗಿಲು ಮುಚ್ಚಿದೆ, ಮಂಜು ಕರಗಲಿ ಅಂತ ಒಂದೂವರೆ ಗಂಟೆ ಕಾಯುವುದು. ಎಫ್‌ಎಂಎಸ್‌ನಲ್ಲಿ (ವಿಮಾನಕ್ಕೆ ದಾರಿ ಹಿಡಿಸುವ ಕಂಪ್ಯೂಟರ್) 09ರ, ಅಂದರೆ ಪೂರ್ವಕ್ಕೆ ಹೊರಡುವ ರನ್‌ವೇಯ, ಎಸ್‌ಐಡಿ (ಟೇಕಾಫ್ ಆದ ಮೇಲೆ ಹಿಡಿಯಬೇಕಾದ ನಿಗದಿತ ದಾರಿ) ಹಾಕಿ, ಬ್ರೀಫಿಂಗ್ ಮುಗಿಸಿ ಆಗಿದೆ. ಮಂಜು ತೆಳುವಾಗುತ್ತಿದ್ದಂತೆ ಗಾಳಿ ತಿರುಗುತ್ತದೆ, ಕಂಟ್ರೋಲರ್ 27, ಅಂದರೆ ಎದುರು ದಿಕ್ಕು, ಅನ್ನುತ್ತಾರೆ. ಹಿಂದೆ ಸಾಲುಗಟ್ಟಿ ನಿಂತ ವಿಮಾನಗಳು, ತಡವಾಗಿದೆ ಅನ್ನುವ ಒತ್ತಡ, ಜೊತೆಗೆ ದೇಹದ ಗಡಿಯಾರ ಪಾತಾಳ ಮುಟ್ಟುವ 2ರಿಂದ 6ರ ನಡುವಿನ ಹೊತ್ತು.

ಇಲ್ಲಿ ಮೊದಲ ಕೆಲಸ ವಿಮಾನ ನಿಲ್ಲಿಸಿ ಪಾರ್ಕಿಂಗ್ ಬ್ರೇಕ್ ಹಾಕುವುದು. ಟ್ಯಾಕ್ಸಿ ಮಾಡುತ್ತಲೇ (ವಿಮಾನವನ್ನು ನೆಲದ ಮೇಲೆ ಓಡಿಸುತ್ತಲೇ) ಒಬ್ಬರು ತಲೆ ತಗ್ಗಿಸಿ ಟೈಪ್ ಮಾಡಿದರೆ, ಹೊರಗೆ ನೋಡಲು ಒಬ್ಬರೇ ಉಳಿಯುತ್ತಾರೆ, ಟೈಪ್ ಮಾಡಿದ್ದನ್ನು ಸರಿನೋಡಲು ಯಾರೂ ಉಳಿಯುವುದಿಲ್ಲ. ಆಮೇಲೆ ಪರ್ಫಾರ್ಮೆನ್ಸ್ ಲೆಕ್ಕವನ್ನು (ಈ ತೂಕಕ್ಕೆ, ಈ ರನ್‌ವೇಗೆ ಎಷ್ಟು ವೇಗ, ಎಷ್ಟು ಶಕ್ತಿ ಬೇಕು ಅನ್ನುವುದನ್ನು) ಇಬ್ಬರೂ ತಮ್ಮ ತಮ್ಮ ಟ್ಯಾಬ್ಲೆಟ್‌ನಲ್ಲಿ ಬೇರೆ ಬೇರೆಯಾಗಿ ಮಾಡಬೇಕು. ಒಬ್ಬರು ಮಾಡಿ ಇನ್ನೊಬ್ಬರಿಗೆ ತೋರಿಸಿದರೆ ಅದು ಒಂದೇ ಲೆಕ್ಕ. ಯಾವ ಟ್ಯಾಕ್ಸಿವೇಯಿಂದ ರನ್‌ವೇಗೆ ಸೇರುತ್ತೀರಿ ಅನ್ನುವುದನ್ನೂ ಹೊಸದಾಗಿ ಹಾಕಬೇಕು. ಪೂರ್ತಿ ಉದ್ದದ ಲೆಕ್ಕ ಇಟ್ಟುಕೊಂಡು ಇಂಟರ್‌ಸೆಕ್ಷನ್‌ನಿಂದ, ಅಂದರೆ ರನ್‌ವೇಯ ನಡುವಿನಿಂದ, ಹೊರಡುವುದು ಹಳೇ ಕಾಯಿಲೆ. ವಿ1, ವಿಆರ್, ವಿ2 ಅನ್ನುವ ಮೂರು ಟೇಕಾಫ್ ವೇಗ, ರೆಕ್ಕೆಯ ಫ್ಲ್ಯಾಪ್, ಇಂಜಿನ್ ಶಕ್ತಿ ತಗ್ಗಿಸಲು ಹಾಕುವ ಫ್ಲೆಕ್ಸ್ ತಾಪಮಾನ, ಐದನ್ನೂ ಗಟ್ಟಿಯಾಗಿ ಓದಿ ಹೋಲಿಸಿ. ಟೇಕಾಫ್ ಕಾನ್ಫಿಗ್ ಎಚ್ಚರಿಕೆ ಇದೆಯಲ್ಲ ಅಂತ ಸಮಾಧಾನ ಬೇಡ. ಫ್ಲ್ಯಾಪ್ ಇಳಿಸದೇ ಹೋದರೆ ಅದು ಕೂಗುತ್ತದೆ. 2ರ ಜಾಗದಲ್ಲಿ 1 ಇಟ್ಟರೆ ಸುಮ್ಮನಿರುತ್ತದೆ, ಯಾಕೆಂದರೆ ಎರಡೂ ಅದರ ಪ್ರಕಾರ ಟೇಕಾಫ್ ಫ್ಲ್ಯಾಪೇ. ತಪ್ಪು ಎಸ್‌ಐಡಿಯ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ.

ಎಫ್‌ಎಂಎಸ್‌ನಲ್ಲಿ ರನ್‌ವೇ ಬದಲಿಸಿದಾಗ ಎಸ್‌ಐಡಿಯನ್ನೂ ಮತ್ತೆ ಆರಿಸಬೇಕು. ಹೆಸರುಗಳು ಅಣ್ಣತಮ್ಮಂದಿರ ಹಾಗಿರುತ್ತವೆ: ಮೊದಲ ಐದು ಅಕ್ಷರ ಒಂದೇ, ಕೊನೆಯ ಅಂಕಿ ಮತ್ತು ಅಕ್ಷರ ಮಾತ್ರ ಬೇರೆ. ದಣಿದ ಕಣ್ಣು ಐದಕ್ಕೇ ನಿಂತುಬಿಡುತ್ತದೆ. ಹಾಗಾಗಿ ಹೆಸರನ್ನು ನಂಬದೆ ದಾರಿಯ ಒಂದೊಂದು ತುಂಡನ್ನೂ (ಲೆಗ್) ನೋಡಿ. ನ್ಯಾವಿಗೇಶನ್ ಪರದೆಯನ್ನು ಪ್ಲ್ಯಾನ್ ಮೋಡ್‌ಗೆ ಹಾಕಿ, ಒಂದೊಂದೇ ವೇಪಾಯಿಂಟ್ (ದಾರಿಯ ಗುರುತಿನ ಬಿಂದು) ಮುಂದಕ್ಕೆ ಹೋಗಿ. ಒಬ್ಬರು ಚಾರ್ಟ್‌ನಿಂದ ಟ್ರ್ಯಾಕ್, ದೂರ, ಎತ್ತರದ ಮಿತಿ ಓದಲಿ, ಇನ್ನೊಬ್ಬರು ಪರದೆಯಲ್ಲಿ ಇರುವುದನ್ನು ಓದಲಿ. ಓದುವ ದಿಕ್ಕು ಮುಖ್ಯ: ಚಾರ್ಟ್ ಮೊದಲು, ಪರದೆ ಆಮೇಲೆ. ಪರದೆಯನ್ನು ಮೊದಲು ಓದಿದರೆ ಚಾರ್ಟ್‌ನಲ್ಲೂ ಮನಸ್ಸು ಅದನ್ನೇ ಹುಡುಕುತ್ತದೆ. ಎಸ್‌ಐಡಿ ಮುಗಿದು ಮುಂದಿನ ದಾರಿ ಶುರುವಾಗುವ ಕಡೆ ಡಿಸ್ಕಂಟಿನ್ಯುಟಿ (ದಾರಿಯಲ್ಲಿ ಕಡಿತ) ಉಳಿದಿದೆಯೇ ನೋಡಿ. ಉಳಿದಿದ್ದರೆ ಆ ಬಿಂದು ದಾಟಿದ ಮೇಲೆ ವಿಮಾನ ದಾರಿ ತಪ್ಪಿದ ಎತ್ತಿನ ಹಾಗೆ ನೇರ ಹೋಗುತ್ತಿರುತ್ತದೆ.

ಇಷ್ಟಕ್ಕೆಲ್ಲ ಪ್ರಾಮಾಣಿಕವಾಗಿ ನಾಲ್ಕೈದು ನಿಮಿಷ ಬೇಕು. ಎರಡೇ ನಿಮಿಷದಲ್ಲಿ ಮುಗಿಯಿತೆಂದರೆ ಏನೋ ಬಿಟ್ಟುಹೋಗಿದೆ ಅಂತಲೇ ನನ್ನ ಲೆಕ್ಕ.

ಬಿಟ್ಟುಹೋಗುವುದು ಸಾಮಾನ್ಯವಾಗಿ ಎರಡು ಪುಟ್ಟ ವಿಷಯ. ಒಂದು, ಹೊಸ ಕ್ಲಿಯರೆನ್ಸ್‌ನ (ಕಂಟ್ರೋಲರ್ ಕೊಟ್ಟ ಅನುಮತಿಯ) ಮೊದಲ ಎತ್ತರ. ಕಂಟ್ರೋಲರ್‌ಗೆ ತಿರುಗಿ ಹೇಳುವ ರೀಡ್‌ಬ್ಯಾಕ್ ಸರಿಯಾಗಿಯೇ ಕೊಟ್ಟಿರುತ್ತಾರೆ, ಎತ್ತರ ಹಾಕಿಡುವ ಪುಟ್ಟ ಕಿಟಕಿಯಲ್ಲಿ ಮಾತ್ರ ಹಳೆಯ ಅಂಕಿ ಕೂತಿರುತ್ತದೆ. ಇನ್ನೊಂದು, ದಿಕ್ಕು ಹಾಕುವ ಹೆಡ್ಡಿಂಗ್ ಗುಂಡಿ. ಎ320ಯಲ್ಲಿ ನೆಲದ ಮೇಲೆ ಇದ್ದಾಗ ಯಾರೋ ಹೆಡ್ಡಿಂಗ್ ತಿರುಗಿಸಿಟ್ಟರೆ ಎಸ್‌ಐಡಿ ಹಿಡಿಸುವ ನ್ಯಾವ್ ಮೋಡ್ ಆರ್ಮ್ (ಸಜ್ಜು) ಆಗುವುದಿಲ್ಲ. ಟೇಕಾಫ್ ಆದ ಮೇಲೆ ವಿಮಾನ ಎಸ್‌ಐಡಿ ಹಿಡಿಯುತ್ತದೆ ಅಂತ ಇಬ್ಬರೂ ಕಾಯುತ್ತಾರೆ, ಅದು ಹಿಡಿಯುವುದಿಲ್ಲ. ರನ್‌ವೇ ಮೇಲೆ ನಿಂತಾಗ ಮುಂದಿನ ಪರದೆಯ ನೆತ್ತಿಯಲ್ಲಿ ನ್ಯಾವ್ (NAV) ಅನ್ನುವ ಮೂರು ನೀಲಿ ಅಕ್ಷರ ಇದೆಯೇ ಅಂತ ಬೆರಳಿಟ್ಟು ನೋಡುವುದು ಒಂದು ಸೆಕೆಂಡಿನ ಕೆಲಸ.

ಎತ್ತರದ ಮಾತು ಬಂತು, ನಮ್ಮ ಕಡೆಯ ಒಂದು ವಿಶೇಷ ಹೇಳಬೇಕು. ದೇವನಹಳ್ಳಿ ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ. ನಿಲ್ದಾಣದಿಂದ ಉತ್ತರಕ್ಕೆ ನೇರ ಗೆರೆ ಎಳೆದರೆ 19 ಕಿಲೋಮೀಟರ್ ಆಸುಪಾಸಿನಲ್ಲಿ ನಂದಿಬೆಟ್ಟ, 1,478 ಮೀಟರ್, ಅಂದರೆ 4,850 ಅಡಿ. ರಾತ್ರಿಯೆಲ್ಲ ಚೆನ್ನೈಗೆ ಹೋಗಿಬಂದು ಮಾಡಿದವರ ತಲೆಯಲ್ಲಿ ಚೆನ್ನೈನ ಅಂಕಿಗಳೇ ಓಡುತ್ತಿರುತ್ತವೆ. ಅಲ್ಲಿ ಆಲ್ಟಿಮೀಟರ್ (ಸಮುದ್ರ ಮಟ್ಟದಿಂದ ಎತ್ತರ ತೋರುವ ಮಾಪಕ) 5,000 ತೋರಿಸಿದರೆ ಕೆಳಗೆ ಹತ್ತಿರ ಹತ್ತಿರ 5,000 ಅಡಿ ಬರೀ ಗಾಳಿ. ಅದೇ 5,000 ನಂದಿಯ ನೆತ್ತಿಯ ಮೇಲೆ ಬರೀ 150 ಅಡಿ. ಟೇಕಾಫ್ ಆದ ಮೇಲೆ ಥ್ರಸ್ಟ್ (ಇಂಜಿನ್ ಶಕ್ತಿ) ತಗ್ಗಿಸುವ, ನೆಲದಿಂದ 1,500 ಅಡಿ ಇಲ್ಲಿ ಆಲ್ಟಿಮೀಟರ್‌ನಲ್ಲಿ 4,500 ಆಗುತ್ತದೆ. ಕ್ಯೂಎನ್‌ಎಚ್ (ಆಲ್ಟಿಮೀಟರ್‌ಗೆ ಹಾಕುವ ಗಾಳಿಯ ಒತ್ತಡ) 1007 ಬದಲು 1017 ಕೇಳಿಸಿಕೊಂಡರೆ, ಒಂದು ಹೆಕ್ಟೋಪಾಸ್ಕಲ್‌ಗೆ ಸುಮಾರು 30 ಅಡಿಯಂತೆ, 300 ಅಡಿ ಕೆಳಗೇ ಹಾರುತ್ತಿರುತ್ತೀರಿ. ಎಸ್‌ಐಡಿ ಹಿಡಿದು ಹೋದರೆ ಬೆಟ್ಟದ ಚಿಂತೆಯನ್ನು ಚಾರ್ಟ್ ಮಾಡಿದವರೇ ಮಾಡಿರುತ್ತಾರೆ. ಎಸ್‌ಐಡಿ ತಪ್ಪಿದರೆ ಆ ರಕ್ಷಣೆ ಹೋಯಿತು.

ಚಾರ್ಟ್‌ನಲ್ಲಿ ಬೇರೆ ಏನೂ ಬರೆದಿಲ್ಲದಿದ್ದರೆ ಏರಬೇಕಾದ ಕನಿಷ್ಠ ಓರೆ 3.3%, ಒಂದು ನಾಟಿಕಲ್ ಮೈಲಿಗೆ 200 ಅಡಿ. ಗ್ರೌಂಡ್ ಸ್ಪೀಡ್ 180 ನಾಟ್ ಇದ್ದರೆ ನಿಮಿಷಕ್ಕೆ ಮೂರು ಮೈಲಿ, ಹಾಗಾಗಿ ನಿಮಿಷಕ್ಕೆ 600 ಅಡಿ ಏರಲೇಬೇಕು. ಎರಡೂ ಇಂಜಿನ್ ಇದ್ದಾಗ ಇದು ಲೆಕ್ಕಕ್ಕೇ ಇಲ್ಲ. ಒಂದು ನಿಂತರೆ ಎಸ್‌ಐಡಿಯೋ, ಕಂಪನಿ ಕೊಟ್ಟ ಬೇರೆ ದಾರಿಯೋ ಅನ್ನುವುದು ಬ್ರೀಫಿಂಗ್‌ನಲ್ಲಿ ತೀರ್ಮಾನ ಆಗಿರಬೇಕು. ರನ್‌ವೇ ಬದಲಾದರೆ ಆ ದಾರಿಯೂ ಬದಲಾಗಿರುತ್ತದೆ ಅನ್ನುವುದನ್ನು ಮರೆಯುವವರೇ ಜಾಸ್ತಿ.

ತಪ್ಪು ಕಂಡವರು ಬಾಯಿ ಬಿಡದಿರುವುದು ಇನ್ನೊಂದು ಗೋಳು. ಹಿರಿಯರಿಗೆ ಎದುರು ಹೇಳಬಾರದು ಅಂತ ನಮಗೆ ಚಿಕ್ಕಂದಿನಿಂದ ಅಭ್ಯಾಸ. "ಸರ್, ಬಹುಶಃ 27 ಅಂದ್ರೇನೋ" ಅಂತ ಗೊಣಗಿದರೆ ದಣಿದ ಕ್ಯಾಪ್ಟನ್‌ಗೆ ಕೇಳಿಸುವುದೇ ಇಲ್ಲ. ಹೀಗೆ ಹೇಳಿ: "ಸರ್, ನಿಲ್ಲಿಸಿ. ಕ್ಲಿಯರೆನ್ಸ್ 27. ಎಫ್‌ಎಂಎಸ್‌ನಲ್ಲಿ 09 ಇದೆ." ಮರ್ಯಾದೆಗೆ ಸರ್ ಒಂದು ಸಾಕು. ಇಬ್ಬರಿಗೂ ಅನುಮಾನವಿದ್ದರೆ ಕಂಟ್ರೋಲರ್‌ಗೇ ಮತ್ತೆ ಕೇಳಿ, ಅವಮಾನ ಏನಿಲ್ಲ. ಆದರೆ ಅತ್ತ ಕೂತವರೂ ರಾತ್ರಿ ಪಾಳಿಯವರು ಅನ್ನುವುದು ನೆನಪಿರಲಿ. 2006ರ ಆಗಸ್ಟ್ 27ರ ನಸುಕಿನಲ್ಲಿ ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ 7,003 ಅಡಿಯ ರನ್‌ವೇ ಬದಲು 3,500 ಅಡಿಯದಕ್ಕೆ ತಿರುಗಿದ ವಿಮಾನದಲ್ಲಿ 49 ಜನ ಸತ್ತರು. ಟವರ್‌ನಲ್ಲಿ ಒಬ್ಬರೇ ಕಂಟ್ರೋಲರ್, ಹಿಂದಿನ ಪಾಳಿ ಮುಗಿಸಿ ಅವರು ಮಲಗಿದ್ದು ಎರಡು ಗಂಟೆಯಷ್ಟೇ.

ಇನ್ನು ನಿದ್ದೆ. ಸಂಜೆ ಏಳಕ್ಕೆ ನಿದ್ದೆ ಬಾರದವರು ಹೊರಳಾಡುವ ಬದಲು ಮಧ್ಯಾಹ್ನ 2ರಿಂದ 3:30ರವರೆಗೆ ಒಂದು ಸುತ್ತು ಮಲಗಿ, ರಾತ್ರಿ 9ಕ್ಕೆ ಮತ್ತೆ ಮಲಗುವುದು ಮೇಲು. ಕಾಫಿ ಕೆಲಸ ಶುರುಮಾಡಲು 20-30 ನಿಮಿಷ ಬೇಕು, ಅದರ ಅರ್ಧದಷ್ಟು ಐದು ಗಂಟೆಯಾದರೂ ಮೈಯಲ್ಲೇ ಇರುತ್ತದೆ. ಸಂಜೆ ಆರರ ಫಿಲ್ಟರ್ ಕಾಫಿ ಬಿಡಲೇಬೇಕು. ಎದ್ದ ತಕ್ಷಣದ ಅರ್ಧ ಗಂಟೆ ಮಂಕು ಇರುತ್ತದೆ. 2010ರ ಮೇ 22ರ ಮಂಗಳೂರು ದುರಂತದಲ್ಲಿ ಕ್ಯಾಪ್ಟನ್ ಹಾರಾಟದ ನಡುವೆ ಬಹಳ ಹೊತ್ತು ಮಲಗಿ ಎದ್ದಿದ್ದರು, ಆ ಮಂಕಿನ ಮಾತು ತನಿಖೆಯಲ್ಲೂ ಬಂತು. ಕ್ಯಾಬ್‌ನಲ್ಲಿ ಕಣ್ಣು ಮುಚ್ಚುವುದಾದರೆ ದೇವನಹಳ್ಳಿ ಬರುವ ಮುಂಚೆಯೇ ಎದ್ದುಬಿಡಿ.

ಇವತ್ತು ಹಾರಲು ಆಗುವುದಿಲ್ಲ ಅನ್ನಿಸಿದರೆ ಕಂಪನಿಗೆ ಆ ಫೋನನ್ನು 2:15ಕ್ಕೆ ಮನೆಯಿಂದಲೇ ಮಾಡಬೇಕು, ಗೇಟಿನಿಂದಲ್ಲ. ಗೇಟಿಗೆ ಬಂದ ಮೇಲೆ ನೂರೆಂಬತ್ತು ಮುಖ ನೋಡಿ ಯಾರೂ ಆಗಲ್ಲ ಅನ್ನುವುದಿಲ್ಲ. ಆಮೇಲೆ ಫಟೀಗ್ ರಿಪೋರ್ಟ್ (ದಣಿವಿನ ವರದಿ) ತುಂಬುವಾಗ "ತುಂಬಾ ಸುಸ್ತಾಗಿತ್ತು" ಅಂತ ಬರೆದರೆ ಅದು ಫೈಲಿಗೆ ಹೋಗಿ ಕೂರುತ್ತದೆ. ಕಳೆದ 24 ಗಂಟೆಯಲ್ಲಿ ಎಷ್ಟು ನಿದ್ದೆ, 48ರಲ್ಲಿ ಎಷ್ಟು, ಎಷ್ಟು ಹೊತ್ತಿಗೆ ಎದ್ದದ್ದು, ಸತತ ಎಷ್ಟನೇ ರಾತ್ರಿ, ಯಾವ ಸೆಕ್ಟರ್‌ನಲ್ಲಿ (ಹಾರಾಟದಲ್ಲಿ) ಯಾವ ಅಂಕಿ ತಪ್ಪಿತು, ಅದನ್ನು ಹಿಡಿದವರು ಯಾರು: ಇಷ್ಟು ಬರೆಯಿರಿ. ಒಂದೇ ಪೇರಿಂಗ್ (ಒಟ್ಟಿಗೆ ಕಟ್ಟಿದ ಹಾರಾಟಗಳ ಸರಣಿ) ಮೇಲೆ ಇಂಥ ನಾಲ್ಕು ರಿಪೋರ್ಟ್ ಬಿದ್ದರೆ ರೋಸ್ಟರ್ (ಪಾಳಿ ಪಟ್ಟಿ) ಮಾಡುವವರಿಗೆ ಬದಲಿಸದೆ ಬೇರೆ ದಾರಿ ಉಳಿಯುವುದಿಲ್ಲ.