ದಸರಾ ತಿಂಗಳಲ್ಲಿ ಮೈಸೂರಿಗೆ ಆಫೀಸು ಕೆಲಸ

ಮಂಡ್ಯದವರಿಗೆ ಮೈಸೂರು ಪ್ರವಾಸವೇ ಅಲ್ಲ. ಸುಮಾರು 45 ಕಿಲೋಮೀಟರ್, ತಿಂಡಿ ತಿಂದು ಹೊರಟರೆ ಕಾಫಿ ಹೊತ್ತಿಗೆ ಅಲ್ಲಿರುತ್ತೇವೆ. ಆದರೆ ಆಶ್ವಯುಜ ಬಂತೆಂದರೆ ಲೆಕ್ಕ ಬೇರೆ. ನಾನು ಕಾಲೇಜು ಲೈಬ್ರರಿಯವಳು. ಮೀಟಿಂಗು, ಕಾರ್ಯಾಗಾರ ಎಲ್ಲ ನಮಗೆ ಬೀಳುವುದು ಇದೇ ಹೊತ್ತಿಗೆ.

ಕೆಲಸದ ಜೊತೆಗೆ ದಸರಾನೂ ನೋಡಿ ಬರೋಣ ಅನ್ನುವವರು ನವರಾತ್ರಿಯ ಮೊದಲ ದಿನಗಳಲ್ಲೇ ಹೋಗಿ ಬನ್ನಿ. ಕೊನೆಯ ಮೂರು ದಿನ ಫೈಲು ಹಿಡಿದು ಹೋಗಲೇಬೇಡಿ. ಸರಸ್ವತಿ ಪೂಜೆಗೆ ಇಟ್ಟ ಪುಸ್ತಕ ಮುಟ್ಟುವ ಹಾಗಿಲ್ಲ, ಹುಡುಗರಿಗೆ ಅಷ್ಟೇ ಬೇಕು. ಆಯುಧಪೂಜೆಗೆ ನಮ್ಮಲ್ಲಿ ಬಾರ್‌ಕೋಡ್ ಸ್ಕ್ಯಾನರಿಗೂ ಕುಂಕುಮ, ಅದೂ ಸರಿಯಾಗಿ ಗಾಜಿನ ಮೇಲೆ! ಒರೆಸುವ ತನಕ ಅದು ಯಾವ ಪುಸ್ತಕವನ್ನೂ ಗುರುತು ಹಿಡಿಯುವುದಿಲ್ಲ. ಇನ್ನು ವಿಜಯದಶಮಿಯ ದಿನ ಜಂಬೂಸವಾರಿ. ಅವತ್ತು ಅರಮನೆ ಸುತ್ತಮುತ್ತ ಆಟೋ ಸಿಗುವುದಿರಲಿ, ರಸ್ತೆ ದಾಟುವುದೇ ದೊಡ್ಡದು.

ಬಸ್ಸಿಗಿಂತ ರೈಲೇ ವಾಸಿ. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಮಗೆ ಹೆಂಗಸರಿಗೆ ಟಿಕೆಟ್ ಉಚಿತ, ನಿಜ. ಆಧಾರ್ ಮರೆಯಬೇಡಿ. ಆದರೆ ಆ ಸೊನ್ನೆ ಟಿಕೆಟ್ಟನ್ನು ಟಿ.ಎ. (ಪ್ರಯಾಣ ಭತ್ಯೆ) ಬಿಲ್ಲಿಗೆ ಅಂಟಿಸಿ ಏನು ಕ್ಲೇಮ್ ಮಾಡ್ತೀರಾ? ರೈಲಿನಲ್ಲಿ ಟ್ರಾಫಿಕ್ ಕಾಟವಿಲ್ಲ. ಶ್ರೀರಂಗಪಟ್ಟಣದ ಆಚೆ ಈಚೆ ಕಾವೇರಿಯ ಎರಡು ಕವಲೂ ದಾಟುತ್ತೀರಿ, ಮಳೆಗಾಲ ಕಳೆದ ಮೇಲಿನ ಹೊಳೆ ನೋಡಲು ಚೆನ್ನ. ಸ್ಕೂಟರಿನವರು ಸರ್ವಿಸ್ ರಸ್ತೆಯಲ್ಲೇ ಹೋಗಿ. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮುಖ್ಯ ಪಥಕ್ಕೆ ದ್ವಿಚಕ್ರ ವಾಹನ ಬಿಡುವುದಿಲ್ಲ.

ಬೆಳಿಗ್ಗೆಯೇ ಕೆಲಸ ಮುಗಿಸಿ. ಸಮಯ ಉಳಿದರೆ ನಾನು ಹೇಳುವುದು ಅರಮನೆಯಲ್ಲ, ಓರಿಯೆಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್. 1891ರಲ್ಲಿ ಓರಿಯೆಂಟಲ್ ಲೈಬ್ರರಿಯಾಗಿ ಶುರುವಾದದ್ದು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಪ್ರತಿ 1905ರಲ್ಲಿ ಬೆಳಕಿಗೆ ಬಂದದ್ದು ಇಲ್ಲೇ. ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಆರ್. ಶಾಮಶಾಸ್ತ್ರಿಗಳು ಆಗ ಅಲ್ಲಿನ ಲೈಬ್ರರಿಯನ್! ನಮ್ಮ ಕೆಲಸ ಬರೀ ಸೀಲು ಹೊಡೆಯುವುದು ಅನ್ನುವವರಿಗೆ ನಾನು ಈ ಕತೆ ಹೇಳದೆ ಬಿಡುವುದಿಲ್ಲ. ಓಲೆಗರಿ ಅಂದರೆ ಬೆರಳಗಲದ ಉದ್ದನೆಯ ಪಟ್ಟಿ. ಕಂಟ ಅನ್ನುವ ಮೊನಚು ಕಬ್ಬಿಣದ ಕಡ್ಡಿಯಿಂದ ಕೊರೆದ ಅಕ್ಷರಕ್ಕೆ ಮಸಿ ತುಂಬಿರುತ್ತಾರೆ, ತೂತಿನಲ್ಲಿ ದಾರ ಪೋಣಿಸಿ ಮೇಲೊಂದು ಕೆಳಗೊಂದು ಹಲಗೆ ಇಟ್ಟು ಕಟ್ಟುತ್ತಾರೆ. ಸುಮ್ನೆ ಹೋಗಿ ತೋರಿಸಿ ಅಂದರೆ ಆಗಲ್ಲ. ಮೊದಲೇ ಪತ್ರ ಬರೆಯಿರಿ, ಗುರುತಿನ ಚೀಟಿ ಇಟ್ಟುಕೊಳ್ಳಿ, ಕೇಳದೆ ಮೊಬೈಲ್ ತೆಗೆಯಬೇಡಿ.

ಸಂಜೆ ಮಳೆ ಬರುತ್ತೆ ಅಂದುಕೊಂಡೇ ಹೊರಡಿ. ಹಿಂಗಾರು ಶುರುವಾಗುವ ಕಾಲ. ಕೊಡೆಗಿಂತ ಮುಖ್ಯ, ಕಾಗದಪತ್ರಕ್ಕೊಂದು ಪ್ಲಾಸ್ಟಿಕ್ ಕವರ್. ಅರಮನೆ ದೀಪಾಲಂಕಾರ ಉಳಿದ ದಿನಗಳಲ್ಲಿ ಮುಖ್ಯವಾಗಿ ಭಾನುವಾರ, ಸರ್ಕಾರಿ ರಜೆಗೆ. ದಸರೆಯಲ್ಲಿ ದಿನಾ ಸಂಜೆ ಇರುತ್ತೆ. ನೋಡಿಕೊಂಡೇ ಹೊರಡಿ, ಆದರೆ ವಾಪಸ್ ರೈಲಿನ ಟೈಮು ಬೆಳಿಗ್ಗೆಯೇ ಬರೆದಿಟ್ಟುಕೊಂಡಿರಿ.

ಹೂವಿಗೆ ದೇವರಾಜ ಮಾರ್ಕೆಟ್ಟು. ಹಬ್ಬ ಹತ್ತಿರವಾದಷ್ಟೂ ಸೇವಂತಿಗೆ ರೇಟು ಏರುತ್ತೆ, ಚೌಕಾಶಿಗೆ ನಾಚಿಕೆ ಬೇಡ. ಬೂದುಗುಂಬಳ ಮಾತ್ರ ಮಂಡ್ಯದಲ್ಲೇ ತಗೊಳ್ಳಿ. ರೈಲಿನ ಸೀಟಿನಡಿ ಇಟ್ಟರೆ ಪಾಂಡವಪುರ ಬರುವಷ್ಟರಲ್ಲಿ ಅದು ಬೇರೆಯವರ ಕಾಲಡಿ ಇರುತ್ತೆ.