ಕೋಲಿಸ್ಟಿನ್ ಫಲಿತಾಂಶಕ್ಕೆ ಇನ್ನೊಂದು ದಿನ ಯಾಕೆ ಬೇಕು

ಐಸಿಯುನಿಂದ ನಮ್ಮ ಲ್ಯಾಬಿಗೆ ಬರುವ ಫೋನ್‌ಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಮೇಡಂ, ಕೋಲಿಸ್ಟಿನ್ ಸೆನ್ಸಿಟಿವ್ ತಾನೇ?" ಅಂದರೆ ಬೇರೆ ಔಷಧಗಳು ಸೋತಾಗ ಕೊಡುವ ಈ ಆಂಟಿಬಯಾಟಿಕ್ ಆ ಬ್ಯಾಕ್ಟೀರಿಯಾಕ್ಕೆ ನಾಟುತ್ತದಾ ಅಂತ. ರಕ್ತದ ಕಲ್ಚರ್‌ನಲ್ಲಿ ಕ್ಲೆಬ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ಮೆರೊಪೆನೆಮ್‌ನಂಥ ಬಲವಾದ ಆಂಟಿಬಯಾಟಿಕ್ ಕೂಡ ನಾಟುವುದಿಲ್ಲ ಅಂತ ಅಷ್ಟರಲ್ಲಿ ಗೊತ್ತಾಗಿರುತ್ತದೆ. ಕೇಳುವವರ ಆತಂಕ ನನಗೂ ತಟ್ಟುತ್ತದೆ. ಆದರೂ ನಾಳೆವರೆಗೆ ಕಾಯಿರಿ ಅಂತಲೇ ಹೇಳಬೇಕಾಗುತ್ತದೆ.

ಬೇರೆ ಔಷಧಗಳಿಗೆ ಡಿಸ್ಕ್ ಇಡ್ತೀರಲ್ಲ, ಇದಕ್ಕೂ ಇಡಿ ಅನ್ನುತ್ತಾರೆ ಕೆಲವರು. ಡಿಸ್ಕ್ ಅಂದರೆ ಔಷಧ ಹೀರಿದ ಪುಟ್ಟ ಕಾಗದದ ಬಿಲ್ಲೆ. ಬ್ಯಾಕ್ಟೀರಿಯಾ ಹರಡಿದ ಅಗರ್ ಅನ್ನುವ ಜೆಲ್ಲಿಯ ಮೇಲೆ ಅದನ್ನಿಟ್ಟು, ಸುತ್ತ ಬೆಳವಣಿಗೆ ನಿಲ್ಲುತ್ತದಾ ಅಂತ ನೋಡುತ್ತೇವೆ. ಕೋಲಿಸ್ಟಿನ್‌ಗೆ ಹಾಗೆ ಇಡಬಾರದು. ಕೋಲಿಸ್ಟಿನ್ ದೊಡ್ಡ ಅಣು, ಅಗರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ. ಆ ಫಲಿತಾಂಶ ನಂಬಿ ರೋಗಿಗೆ ಔಷಧ ಕೊಟ್ಟರೆ ಅಪಾಯ. ಹಾಗಾಗಿ ಸಣ್ಣ ಸಣ್ಣ ಗುಳಿಗಳಿರುವ ಪ್ಲೇಟಿನಲ್ಲಿ, ದ್ರವದಲ್ಲಿ, ಔಷಧವನ್ನು ಹಂತ ಹಂತವಾಗಿ ಅರ್ಧಕ್ಕೆ ಇಳಿಸುತ್ತಾ ಪರೀಕ್ಷೆ ಮಾಡುತ್ತೇವೆ. ಅದಕ್ಕೆ 16ರಿಂದ 20 ಗಂಟೆ ಬೇಕು. ಆ ದ್ರವದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇಷ್ಟಿಷ್ಟೇ ಇರಬೇಕು ಅನ್ನುವ ನಿಯಮವೂ ಇದೆ. ಅದಕ್ಕೆ ಕಾರಣ ಬ್ಯಾಕ್ಟೀರಿಯಾದ ಗೋಡೆಯಲ್ಲಿದೆ.

1884ರಲ್ಲಿ ಬರ್ಲಿನ್‌ನಲ್ಲಿ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಕಂಡುಹಿಡಿದ ಬಣ್ಣದ ವಿಧಾನವನ್ನೇ ನಾವು ಇವತ್ತಿಗೂ ದಿನಾ ಬಳಸುತ್ತೇವೆ. ಕ್ಲೆಬ್ಸಿಯೆಲ್ಲಾ ಅದರಲ್ಲಿ ಗುಲಾಬಿ ಬಣ್ಣದ ಕಡ್ಡಿಗಳ ಹಾಗೆ ಕಾಣುತ್ತದೆ. ಅಂದರೆ ಗ್ರಾಮ್ ನೆಗೆಟಿವ್. ಇವುಗಳ ಗೋಡೆಯಲ್ಲಿ ಪೆಪ್ಟಿಡೋಗ್ಲೈಕಾನ್ ಅನ್ನುವ ಗಟ್ಟಿ ಜಾಲ ತೆಳು. ಆದರೆ ಅದರ ಹೊರಗೆ ಇನ್ನೊಂದು ಪೊರೆ ಇದೆ. ಆ ಪೊರೆಯ ಹೊರಮೈ ತುಂಬಾ ಲಿಪೊಪಾಲಿಸ್ಯಾಕರೈಡ್, ಅಂದರೆ ಕೊಬ್ಬು ಮತ್ತು ಸಕ್ಕರೆ ಸೇರಿದ ಅಣುಗಳು. ಅದರ ಬುಡದಲ್ಲಿ, ಪೊರೆಗೆ ಕಚ್ಚಿಕೊಂಡಿರುವ ಭಾಗವೇ ಲಿಪಿಡ್ ಎ.

ನನ್ನ ಮಟ್ಟಿಗೆ ಇಡೀ ಕಥೆ ಈ ಲಿಪಿಡ್ ಎ ಸುತ್ತಲೇ ಇದೆ. 1892ರ ಹೊತ್ತಿಗೆ ರಿಚರ್ಡ್ ಫೈಫರ್ ಕಾಲರಾ ಬ್ಯಾಕ್ಟೀರಿಯಾಗಳನ್ನು ಬಿಸಿ ಮಾಡಿ ಕೊಂದು ಗಿನಿಯಿಲಿಗಳಿಗೆ ಚುಚ್ಚಿದರು. ಬ್ಯಾಕ್ಟೀರಿಯಾ ಸತ್ತಿದ್ದರೂ ಪ್ರಾಣಿಗಳು ಸತ್ತವು. ವಿಷ ಅದರ ಮೈಯಲ್ಲೇ ಇತ್ತು. ಅದಕ್ಕೆ ಅವರು ಎಂಡೋಟಾಕ್ಸಿನ್ ಅಂತ ಹೆಸರಿಟ್ಟರು. ಆ ವಿಷದ ತಿರುಳು ಲಿಪಿಡ್ ಎ ಅಂತ ಮುಂದೆ ಗೊತ್ತಾಯಿತು. ನಮ್ಮ ರಕ್ಷಣಾ ಕೋಶಗಳ ಮೇಲಿರುವ ಟಿಎಲ್ಆರ್4 ಅನ್ನುವ ಗ್ರಾಹಕ ಪ್ರೋಟೀನ್ ಇದನ್ನು ಗುರುತಿಸುತ್ತದೆ. ಗುರುತಿಸಿದ ಕೂಡಲೇ ದೇಹ ಕೆರಳುತ್ತದೆ. ಅದು ಮಿತಿಮೀರಿದರೆ ಬಿಪಿ ಕುಸಿಯುತ್ತದೆ, ಕಿಡ್ನಿ ಸೋಲುತ್ತದೆ. ಸೆಪ್ಟಿಕ್ ಶಾಕ್ ಆಗುವುದು ಹೀಗೆ.

ಕೋಲಿಸ್ಟಿನ್ ಹಿಡಿಯುವುದೂ ಇದೇ ಲಿಪಿಡ್ ಎ ಅನ್ನು. ಅದರಲ್ಲಿರುವ ಫಾಸ್ಫೇಟ್‌ಗಳಿಗೆ ಋಣ ವಿದ್ಯುದಂಶ. ಅಕ್ಕಪಕ್ಕದ ಅಣುಗಳನ್ನು ಇಟ್ಟಿಗೆ ನಡುವಿನ ಗಾರೆಯ ಹಾಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿರುತ್ತವೆ. ಧನ ವಿದ್ಯುದಂಶದ ಕೋಲಿಸ್ಟಿನ್ ಅವನ್ನು ತಳ್ಳಿ ಆ ಜಾಗಕ್ಕೆ ನುಗ್ಗುತ್ತದೆ, ಪೊರೆ ಒಡೆಯುತ್ತದೆ. ಪರೀಕ್ಷೆಯ ದ್ರವದಲ್ಲಿ ಈ ಲವಣಗಳ ಲೆಕ್ಕ ತಪ್ಪಿದರೆ ಫಲಿತಾಂಶವೂ ತಪ್ಪುವುದು ಇದಕ್ಕೇ.

ಬ್ಯಾಕ್ಟೀರಿಯಾ ತಪ್ಪಿಸಿಕೊಳ್ಳುವುದು ಹೇಗೆ? ಆ ಫಾಸ್ಫೇಟ್‌ಗೆ ಒಂದು ಸಣ್ಣ ಅಣುವನ್ನು ಅಂಟಿಸಿ ಋಣ ವಿದ್ಯುದಂಶವನ್ನು ತಗ್ಗಿಸಿಬಿಡುತ್ತದೆ. ಕೋಲಿಸ್ಟಿನ್‌ಗೆ ಹಿಡಿತವೇ ಸಿಗುವುದಿಲ್ಲ. ಇದನ್ನು ಔಷಧ ನೋಡಿ ಈಚೆಗೆ ಕಲಿತದ್ದು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅಲ್ಲ. ನಮ್ಮ ದೇಹವೂ ಬ್ಯಾಕ್ಟೀರಿಯಾ ಕೊಲ್ಲಲು ಧನ ವಿದ್ಯುದಂಶದ ಪುಟ್ಟ ಪ್ರೋಟೀನ್‌ಗಳನ್ನು ತಯಾರಿಸುತ್ತದೆ. ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾವನ್ನು ನಮ್ಮ ರಕ್ಷಣಾ ಕೋಶ ನುಂಗಿದಾಗ, ಒಳಗಿನ ಆಮ್ಲ ಮತ್ತು ಆ ಪ್ರೋಟೀನ್‌ಗಳ ಸುಳಿವು ಸಿಕ್ಕ ಕೂಡಲೇ ಅದು ಲಿಪಿಡ್ ಎ ಅನ್ನು ಬದಲಿಸಿಕೊಳ್ಳುತ್ತದೆ. ನಮ್ಮೊಳಗೆ ಬದುಕಿ ಉಳಿಯಲು ಇದ್ದ ಹಳೆಯ ಉಪಾಯವೇ ಔಷಧದ ವಿರುದ್ಧವೂ ಕೆಲಸಕ್ಕೆ ಬಂತು. ರೋಗ ತರುವ ಶಕ್ತಿ ಬೇರೆ, ಔಷಧ ನಿರೋಧ ಬೇರೆ ಅಂತ ಎರಡು ಪಾಠ ಮಾಡುವುದು ನನಗೆ ಸರಿ ಕಾಣುವುದಿಲ್ಲ.

2015ರಲ್ಲಿ ಚೀನಾದ ಹಂದಿಗಳಲ್ಲಿ, ಮಾಂಸದಲ್ಲಿ, ರೋಗಿಗಳಲ್ಲಿ ಎಂಸಿಆರ್-1 ಜೀನ್ ಸಿಕ್ಕ ಸುದ್ದಿ ಬಂತು. ಅದೂ ಲಿಪಿಡ್ ಎಗೆ ಹೀಗೇ ಅಂಟಿಸುವ ಕೆಲಸ ಮಾಡುತ್ತದೆ. ಆದರೆ ಪ್ಲಾಸ್ಮಿಡ್ ಅನ್ನುವ ಪುಟ್ಟ ಡಿಎನ್ಎ ಉಂಗುರದ ಮೇಲೆ ಕೂತು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತದೆ. 2019ರಲ್ಲಿ ಭಾರತ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ, ಕೋಳಿಗಳಿಗೆ ಕೋಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ಬಹಳ ಒಳ್ಳೆಯ ಕೆಲಸ.

ಅಸಿನೆಟೋಬ್ಯಾಕ್ಟರ್ ಅನ್ನುವ ಇನ್ನೊಂದು ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯಾ ಕೆಲವೊಮ್ಮೆ ಇನ್ನೂ ಮುಂದೆ ಹೋಗುತ್ತದೆ. ಲಿಪಿಡ್ ಎ ತಯಾರಿಕೆಯನ್ನೇ ನಿಲ್ಲಿಸುತ್ತದೆ! ಹಿಡಿಯಲು ಏನೂ ಇಲ್ಲದಿದ್ದರೆ ಕೋಲಿಸ್ಟಿನ್ ಏನು ಮಾಡೀತು, ಅಲ್ವಾ? ಆದರೆ ಹೊರಪೊರೆ ಸಡಿಲವಾಗಿ, ಸಾಮಾನ್ಯವಾಗಿ ಒಳಗೆ ಹೋಗಲಾಗದ ವ್ಯಾಂಕೊಮೈಸಿನ್‌ನಂಥ ಔಷಧವೂ ನುಗ್ಗುತ್ತದೆ. ಅದರ ರೋಗ ತರುವ ಬಲವೂ ಕುಗ್ಗುತ್ತದೆ.

ಕ್ಲೆಬ್ಸಿಯೆಲ್ಲಾ ಹಾಗಲ್ಲ. ಅದರಲ್ಲಿ ಎಂಜಿಆರ್‌ಬಿ ಅನ್ನುವ ಪುಟ್ಟ ಜೀನ್ ಕೆಟ್ಟರೆ ಲಿಪಿಡ್ ಎ ಬದಲಾಗುತ್ತದೆ, ಕೋಲಿಸ್ಟಿನ್ ಸೋಲುತ್ತದೆ. 2017ರ ಒಂದು ಅಧ್ಯಯನದಲ್ಲಿ ಇಂಥ ಕ್ಲೆಬ್ಸಿಯೆಲ್ಲಾ ದೇಹದ ರಕ್ಷಣೆಯನ್ನೂ ತಗ್ಗಿಸಿ, ರೋಗ ಜಾಸ್ತಿ ಮಾಡಿದ್ದು ಕಂಡಿತು. ಅದಕ್ಕೇ ಪ್ಲೇಟಿನಲ್ಲಿ ಮಿಲಿಲೀಟರಿಗೆ 4 ಮೈಕ್ರೋಗ್ರಾಂನ ಹಂತದವರೆಗೂ ಬೆಳವಣಿಗೆ ನಿಲ್ಲದಿದ್ದರೆ, ಅಂದರೆ ಕೋಲಿಸ್ಟಿನ್ ನಾಟುವುದಿಲ್ಲ ಅಂತಾದರೆ, ನಾನು ರಿಪೋರ್ಟ್ ಅಚ್ಚಾಗುವವರೆಗೆ ಕಾಯುವುದಿಲ್ಲ. ಮೊದಲು ವಾರ್ಡಿನ ಸಿಸ್ಟರ್‌ಗೆ ಫೋನ್ ಮಾಡುತ್ತೇನೆ. ಆ ರೋಗಿಯನ್ನು ಬೇರೆ ಇಡಿ, ಅವರಿಗೆ ಬೇರೆಯೇ ಸ್ಟೆತೊಸ್ಕೋಪ್ ಇರಲಿ, ಮುಟ್ಟುವ ಮುಂಚೆ ಮತ್ತು ಮುಟ್ಟಿದ ಮೇಲೆ ಪ್ರತಿ ಸಲವೂ ಕೈ ತೊಳೆಯಿರಿ ಅಂತ ಹೇಳುತ್ತೇನೆ.