ಗಿಡ ಹಾಳಾಯ್ತು ಅಂತ ಮೀನನ್ನು ಬೈಯುವ ಮೊದಲು ಎಲೆ ನೋಡಿ

ಅಕ್ವೇರಿಯಂನಲ್ಲಿ ಗಿಡ ಹಾಳಾದರೆ ಎಲ್ಲರೂ ಮೊದಲು ಬೈಯುವುದು ಮೀನನ್ನೇ. ಆಮೇಲೆ ಗಿಡ ಕಿತ್ತು ಹಾಕಿ ಪ್ಲಾಸ್ಟಿಕ್ ಗಿಡ ತರುತ್ತಾರೆ. ಕೆಲವರಂತೂ ಮೀನನ್ನೇ ತೆಗೆದುಕೊಂಡು ಹೋಗಿ ಕೆರೆಗೆ ಬಿಟ್ಟು ಬರುತ್ತಾರೆ. ಚಿಕ್ಕಬಳ್ಳಾಪುರದಲ್ಲಿ ನಮ್ಮ ಪಕ್ಕದ ಬೀದಿಯವರೊಬ್ಬರು ಹಾಗೇ ಕಂದವಾರ ಕೆರೆಗೆ ಬಿಡುತ್ತೇನೆ ಅಂತ ಹೊರಟಿದ್ದರು. ಸ್ವಲ್ಪ ತಡೀರಿ ಅಂತ ಹೇಳಿ ಅವರ ಟ್ಯಾಂಕ್ ನೋಡಲು ಹೋದೆ.

ಎರಡಡಿ ಟ್ಯಾಂಕ್. ಗೋಲ್ಡ್ ಫಿಶ್ ಜೋಡಿ, ಒಂದು ಸಕ್ಕರ್ ಫಿಶ್. ಕಬೊಂಬಾ, ಅಮೆಜಾನ್ ಸ್ವೋರ್ಡ್, ಅನುಬಿಯಾಸ್ ಅಂತ ಮೂರು ಥರದ ಗಿಡ. ಮೂರೂ ಕೆಟ್ಟಿದ್ದವು. ಆದರೆ ಒಂದೊಂದು ಕೆಟ್ಟಿದ್ದಕ್ಕೆ ಒಂದೊಂದು ಕಾರಣ ಇತ್ತು, ಅದನ್ನು ಎಲೆಯೇ ಹೇಳುತ್ತಿತ್ತು.

ಕಬೊಂಬಾದಲ್ಲಿ ಎಲೆಯೇ ಇರಲಿಲ್ಲ, ಬರೀ ಕಡ್ಡಿ. ಇದು ಗೋಲ್ಡ್ ಫಿಶ್ ಕೆಲಸ, ಅನುಮಾನವೇ ಬೇಡ. ಗೋಲ್ಡ್ ಫಿಶ್ ಕಾರ್ಪ್ ಜಾತಿಯ ಮೀನು. ಅದಕ್ಕೆ ನಮ್ಮ ಹಾಗೆ ಹೊಟ್ಟೆಯ ಚೀಲ ಇಲ್ಲ, ತಿಂದದ್ದು ನೇರ ಕರುಳಿಗೆ ಹೋಗುತ್ತದೆ. ಹಲ್ಲು ಇರುವುದು ಗಂಟಲಲ್ಲಿ. ಒಂದೇ ಸಲ ಹೊಟ್ಟೆ ತುಂಬ ತಿಂದು ಸುಮ್ನೆ ಕೂರುವ ಮೈಕಟ್ಟು ಅದರದ್ದಲ್ಲ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ರೇಷ್ಮೆ ಹುಳು ಸೊಪ್ಪು ಮೇಯುವುದನ್ನು ನೀವು ನೋಡಿದ್ದರೆ ಇದೂ ಹಾಗೇ ಅಂದುಕೊಳ್ಳಿ. ಕಬೊಂಬಾದಂಥ ಮೆತ್ತನೆ ಎಲೆ ಸಿಕ್ಕರೆ ಅದು ತಿನ್ನದೇ ಇರುತ್ತದಾ? ಅದು ಚೇಷ್ಟೆ ಅಲ್ಲ, ಹಸಿವು. ಇನ್ನು ಬೆಳಿಗ್ಗೆ ಎದ್ದಾಗ ಗಿಡ ಬೇರು ಸಮೇತ ತೇಲುತ್ತಿದ್ದರೆ ಅದೂ ಇದರದ್ದೇ. ಕಲ್ಲಿನ ಚೂರುಗಳನ್ನು ಬಾಯಿಗೆ ಹಾಕಿಕೊಂಡು ಉಗಿಯುತ್ತಾ ಊಟ ಹುಡುಕುವಾಗ ಹೊಸದಾಗಿ ನೆಟ್ಟ ಗಿಡ ಕಿತ್ತು ಬರುತ್ತದೆ.

ಅಮೆಜಾನ್ ಸ್ವೋರ್ಡ್ ಕಥೆ ಬೇರೆ. ಎಲೆಯ ಅಂಚು ಸರಿಯಾಗೇ ಇತ್ತು, ಆದರೆ ಮಧ್ಯದಲ್ಲಿ ಉದ್ದುದ್ದ ಪಟ್ಟೆಗಳು, ಟಾರ್ಚ್ ಹಿಡಿದರೆ ಆಚೆ ಬದಿ ಕಾಣುವಷ್ಟು ತೆಳ್ಳಗೆ. ಇದು ಸಕ್ಕರ್ ಫಿಶ್ ರಾತ್ರಿ ಎಲೆಗೆ ಅಂಟಿಕೊಂಡು ಹೆರೆದ ಗುರುತು. ಅದಕ್ಕೆ ಬೇಕಿರುವುದು ಎಲೆಯ ಮೇಲಿನ ಪಾಚಿ. ಪಾಚಿ ಮುಗಿದು ಬೇರೆ ಊಟ ಇಲ್ಲದಾಗ ಎಲೆಯನ್ನೇ ಹೆರೆಯುತ್ತದೆ. ಗಾಜು ಕ್ಲೀನ್ ಮಾಡುತ್ತದೆ ಅಂತ ಹೇಳಿ ಬೆರಳುದ್ದದ ಮರಿಯನ್ನು ಮಾರುತ್ತಾರೆ, ಆದರೆ ಅದು ಒಂದಡಿಗಿಂತ ಜಾಸ್ತಿ ಬೆಳೆಯುವ ಮೀನು. ಎರಡಡಿ ಟ್ಯಾಂಕ್ ಅದಕ್ಕೆ ಮನೆಯೇ ಅಲ್ಲ.

ಅನುಬಿಯಾಸ್ ಮಾತ್ರ ಪೂರ್ತಿ ಮನುಷ್ಯರ ಕೈಯಲ್ಲಿ ಕೆಟ್ಟಿತ್ತು. ಅದರ ದಪ್ಪ ಎಲೆಯನ್ನು ಗೋಲ್ಡ್ ಫಿಶ್ ಮುಟ್ಟುವುದೇ ಕಡಿಮೆ. ಅವರು ಆ ಗಿಡದ ಅಡ್ಡ ಕಾಂಡವನ್ನು ತಳದ ಕಲ್ಲಿನ ಚೂರುಗಳೊಳಗೆ ಹೂತಿದ್ದರು. ಹಾಗೆ ಹೂತರೆ ಕಾಂಡ ಕೊಳೆಯುತ್ತದೆ, ಎಲೆಗಳು ಒಂದೊಂದಾಗಿ ಬಿಟ್ಟುಕೊಂಡು ತೇಲುತ್ತವೆ. ನೋಡುವವರಿಗೆ ಮೀನು ಕಚ್ಚಿ ಹಾಕಿದ ಹಾಗೇ ಕಾಣುತ್ತದೆ. ಅನುಬಿಯಾಸ್, ಜಾವಾ ಫರ್ನ್ ಎರಡನ್ನೂ ನೆಡಬಾರದು, ಕಲ್ಲಿಗೋ ಮರದ ತುಂಡಿಗೋ ದಾರದಲ್ಲಿ ಕಟ್ಟಬೇಕು.

ಮೀನಿನ ತಲೆಗೆ ಸುಮ್ನೆ ಬರುವ ಆರೋಪ ಇನ್ನೂ ಇವೆ. ಅಂಗಡಿಯಿಂದ ತಂದ ಗಿಡ ಕೆಲವೇ ದಿನಗಳಲ್ಲಿ ಲೋಳೆಯಾಗಿ ಕರಗಿದರೆ ಅದು ತಿಂದದ್ದಲ್ಲ. ಎಷ್ಟೋ ನರ್ಸರಿಗಳಲ್ಲಿ ಈ ಗಿಡಗಳನ್ನು ನೀರಿನಿಂದ ಹೊರಗೆ, ತೇವದ ಗಾಳಿಯಲ್ಲಿ ಬೆಳೆಸುತ್ತಾರೆ. ನೀರಿನೊಳಗೆ ಇಟ್ಟಾಗ ಆ ಹಳೇ ಎಲೆ ಸತ್ತು, ನೀರಿಗೆ ಹೊಂದುವ ಹೊಸ ಎಲೆ ಬುಡದಿಂದ ಬರುತ್ತದೆ. ಬುಡ ಗಟ್ಟಿಯಾಗಿದ್ದರೆ ಎಸೆಯಬೇಡಿ, ಕಾಯಿರಿ. ಹಳೇ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು, ಸುತ್ತ ಹಳದಿ ಅಂಚು ಇದ್ದರೆ ಹೆಚ್ಚಾಗಿ ಪೊಟ್ಯಾಸಿಯಂ ಸಾಲುತ್ತಿಲ್ಲ ಅಂತ ಅರ್ಥ. ಕೊಳೆತ ಎಲೆ ಮೇಲೆ ಕೂತ ಸಣ್ಣ ಬಸವನಹುಳುವನ್ನೂ ಬೈಯುತ್ತಾರೆ, ಪಾಪ, ಅದು ಸತ್ತ ಎಲೆಯನ್ನು ಚೊಕ್ಕ ಮಾಡುತ್ತಿರುತ್ತದೆ.

ನಮ್ಮ ಕಡೆ ನೀರಿನ ವಿಷಯ ಹೇಳದಿದ್ದರೆ ಆಗುವುದಿಲ್ಲ. ಚಿಕ್ಕಬಳ್ಳಾಪುರ, ಕೋಲಾರ ಎರಡೂ ಕಡೆ ಆಳದ ಬೋರ್‌ವೆಲ್ ನೀರು, ಗಡಸು ನೀರು, ಬಕೆಟ್‌ಗೆ ಬಿಳಿ ಪದರ ಕಟ್ಟುವುದು ಎಲ್ಲರ ಮನೆಯಲ್ಲೂ ಇದೆ. ಇಂಥ ನೀರಲ್ಲಿ ಗಿಡಕ್ಕೆ ಕಬ್ಬಿಣದ ಅಂಶ ಸುಲಭವಾಗಿ ಸಿಗುವುದಿಲ್ಲ, ಹೊಸ ಎಲೆ ಬಿಳಿಚಿಕೊಂಡು ಬರುತ್ತದೆ. ಆದರೆ ಇದೇ ನೀರನ್ನು ಇಷ್ಟಪಡುವ ಗಿಡಗಳೂ ಇವೆ. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ ಎರಡೂ ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್‌ನಿಂದಲೇ ತಮಗೆ ಬೇಕಾದ ಇಂಗಾಲ ತೆಗೆದುಕೊಳ್ಳುತ್ತವೆ. ಹಾಗೆ ತೆಗೆದುಕೊಳ್ಳುವಾಗ ಎಲೆ ಮೇಲೆ ಸುಣ್ಣದ ಪುಡಿ ಕೂರುತ್ತದೆ, ಅದು ಬೂಷ್ಟು ಅಲ್ಲ, ಹೆದರಬೇಡಿ. ಗಿಡಕ್ಕೋಸ್ಕರ ಆರ್‌ಓ ನೀರು ತುಂಬುವ ಬದಲು ನಮ್ಮ ನೀರಿಗೆ ಒಗ್ಗುವ ಗಿಡ ಆರಿಸುವುದೇ ಸರಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸರಿ, ಗೋಲ್ಡ್ ಫಿಶ್ ತಿನ್ನುವುದಂತೂ ನಿಜ ಅಲ್ವಾ, ಅದಕ್ಕೇನು ಮಾಡಬೇಕು? ಸೊಪ್ಪು ಕೊಡಿ. ಬರೀ ಕಾಳಿನ ಆಹಾರ ಹಾಕಿ ಎದುರಿಗೆ ಹಸಿರು ಗಿಡ ಇಟ್ಟರೆ ಅದು ಬಿಡುವುದಿಲ್ಲ. ಬೇಯಿಸಿ ಸಿಪ್ಪೆ ತೆಗೆದ ಬಟಾಣಿ, ಬಿಸಿನೀರಿಗೆ ಹಾಕಿ ತೆಗೆದ ಪಾಲಕ್, ಸೌತೆಕಾಯಿ ಹೋಳು ಎಲ್ಲವನ್ನೂ ತಿನ್ನುತ್ತದೆ. ಸಕ್ಕರ್ ಫಿಶ್‌ಗೆ ರಾತ್ರಿ ಲೈಟ್ ಆರಿಸುವಾಗ ಸೌತೆ ಹೋಳು ಹಾಕಿ, ಬೆಳಿಗ್ಗೆ ಉಳಿದಿದ್ದನ್ನು ತೆಗೆಯಿರಿ. ಸಂತೆಯಿಂದ ತಂದ ಸೊಪ್ಪನ್ನು ಚೆನ್ನಾಗಿ ತೊಳೆಯಬೇಕು, ಔಷಧಿ ಹೊಡೆದಿರುತ್ತಾರೆ, ಸಣ್ಣ ಟ್ಯಾಂಕ್‌ನಲ್ಲಿ ಸ್ವಲ್ಪ ವಿಷವೂ ಜಾಸ್ತಿಯೇ. ಈ ವಿಷಯದಲ್ಲಿ ನಮ್ಮ ಜಿಲ್ಲೆಯವರು ಪುಣ್ಯವಂತರು. ಸಾಕುವ ಸೀಗಡಿ, ಸಕ್ಕರ್ ಫಿಶ್‌ಗೆ ಹಾಕಲು ಬೇರೆ ಊರಿನವರು ಒಣಗಿಸಿದ ಹಿಪ್ಪುನೇರಳೆ ಎಲೆಯನ್ನು ದುಡ್ಡು ಕೊಟ್ಟು ಆನ್‌ಲೈನ್‌ನಲ್ಲಿ ತರಿಸುತ್ತಾರೆ. ಶಿಡ್ಲಘಟ್ಟದ ಕಡೆ ಯಾವ ತೋಟದವರನ್ನು ಕೇಳಿದರೂ ಒಂದು ಹಿಡಿ ಕೊಡುತ್ತಾರೆ. ಅದನ್ನು ತಿನ್ನುವ ರೇಷ್ಮೆ ಹುಳು ಸಾಯುತ್ತದೆ ಅಂತ ಕೊಯ್ಲಿನ ಹೊತ್ತಿಗೆ ಆ ಸೊಪ್ಪಿಗೆ ಔಷಧಿ ಹೊಡೆಯುವುದಿಲ್ಲ.

ಪ್ಲಾಸ್ಟಿಕ್ ಗಿಡ ಯಾಕೆ ಬೇಡ ಅಂದರೆ, ಗೋಲ್ಡ್ ಫಿಶ್ ಗಲೀಜು ಮಾಡುವುದು ಜಾಸ್ತಿ. ಅದರಿಂದ ನೀರಿಗೆ ಸೇರುವ ಅಮೋನಿಯಾ, ನೈಟ್ರೇಟ್ ಎರಡನ್ನೂ ಜೀವಂತ ಗಿಡ ಹೀರಿಕೊಳ್ಳುತ್ತದೆ, ಪ್ಲಾಸ್ಟಿಕ್ ಹೀರುತ್ತದಾ?

ಕೆರೆಗೆ ಬಿಡುವುದನ್ನಂತೂ ದಯವಿಟ್ಟು ಮಾಡಬೇಡಿ. ಸಕ್ಕರ್ ಫಿಶ್ ದಕ್ಷಿಣ ಅಮೆರಿಕದ್ದು, ಹೀಗೆ ತಂದು ಬಿಟ್ಟವರಿಂದಲೇ ಭಾರತದ ಎಷ್ಟೋ ಕೆರೆ, ನದಿಗಳಲ್ಲಿ ಸೇರಿಕೊಂಡಿದೆ. ಮೈಮೇಲೆ ಗಟ್ಟಿ ಕವಚ, ಬಲೆ ಹರಿಯುತ್ತದೆ, ತಿನ್ನುವವರಿಲ್ಲ. ನಷ್ಟ ಆಗುವುದು ಮೀನು ಹಿಡಿದು ಬದುಕುವವರಿಗೆ. ಬೇಡವಾದರೆ ದೊಡ್ಡ ಟ್ಯಾಂಕ್ ಇರುವವರಿಗೆ ಕೊಡಿ.

ಪಕ್ಕದ ಬೀದಿಯವರ ಟ್ಯಾಂಕ್‌ನಲ್ಲಿ ಈಗ ವ್ಯಾಲಿಸ್ನೇರಿಯಾ ಇದೆ, ಬುಡಕ್ಕೆ ಕೀಳದ ಹಾಗೆ ಉರುಟು ಕಲ್ಲು ಇಟ್ಟಿದ್ದೇವೆ. ಗೋಲ್ಡ್ ಫಿಶ್ ಮೇಯಲಿ ಅಂತಲೇ ಬೇರೆಯಾಗಿ ಹೈಡ್ರಿಲ್ಲಾ ಹಾಕುತ್ತಾರೆ. ಅದನ್ನು ನಾನು ಮಹಡಿ ಮೇಲೆ ಬಕೆಟ್‌ನಲ್ಲಿ ಬೆಳೆಸುತ್ತೇನೆ, ಬಿಸಿಲಿಗೆ ಬೇಗ ಬೆಳೆಯುತ್ತದೆ, ಈಗಂತೂ ಬಕೆಟ್ ತುಂಬಿದೆ. ನಮ್ಮೂರಿನ ಗೆಳೆಯರು ಯಾರಿಗಾದರೂ ಬೇಕಿದ್ದರೆ ಒಂದು ಡಬ್ಬ ತನ್ನಿ, ಕಿತ್ತು ಕೊಡುತ್ತೇನೆ.